ಕೈಗಾರಿಕಾ ತ್ಯಾಜ್ಯ ನೀರಿನ ಸಂಸ್ಕರಣೆ: ಮಿತ ವಿದ್ಯುತ್ ಬಳಕೆಯ ರಾಸಾಯನಿಕ ಉತ್ಕರ್ಷಣ ವಿಧಾನಗಳು

(ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳ ಉದ್ದಿಮೆದಾರರು, ಸಮ್ಮತಿ ಪತ್ರಕ್ಕೆ ಅರ್ಜಿ ಸಲ್ಲಿಸುವವರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಕಪಿಲಾ ಎಂದು ಜನಜನಿತವಾಗಿರುವ ಕಬಿನಿ ನದಿಯು ಕೇರಳದ ವಯನಾಡು ಜಿಲ್ಲೆಯಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಜಲಾಶಯವನ್ನು ದಾಟಿ, ನಂಜನಗೂಡಿನ ಮೂಲಕ ಹರಿದು ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ನಂಜನಗೂಡಿನಲ್ಲಿ ಶ್ರೀಕಂಠೇಶ್ವರ ಸ್ವಾಮಿಯ ದರ್ಶನಕ್ಕೆ ಬರುವ ಭಕ್ತರು ಇದೇ ನದಿಯಲ್ಲಿ ಸ್ನಾನ ಮಾಡುತ್ತಾರೆ. ಟಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆದುಕೊಂಡು ಬಂದಿದೆ. ಸಂಗಮದ ಕೆಳಭಾಗದಲ್ಲಿ ಕಾವೇರಿಯಿಂದ ಎತ್ತಿದ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ ಬೆಂಗಳೂರು ನಗರಕ್ಕೆ ಪೂರೈಸಲಾಗುತ್ತಿದೆ.

ಇದೇ ನದೀ ಪಾತ್ರದ ಆಸುಪಾಸಿನಲ್ಲಿ ನಂಜನಗೂಡು, ತಾಂಡ್ಯ, ಹಿಮ್ಮಾವು ಮತ್ತು ಅಡಕನಹಳ್ಳಿ ಕೈಗಾರಿಕಾ ಪ್ರದೇಶಗಳಿವೆ. ಔಷಧ ಮೂಲವಸ್ತು, ಕಾಗದ, ಸಕ್ಕರೆ ಮತ್ತು ಮದ್ಯಸಾರ, ಜವಳಿ, ಆಹಾರ ಸಂಸ್ಕರಣೆ ಹಾಗೂ ಎಲೆಕ್ಟ್ರಾನಿಕ್ ಬಿಡಿಭಾಗಗಳ ಉದ್ದಿಮೆಗಳು ಈ ಭಾಗದಲ್ಲಿ ನೆಲೆಗೊಂಡಿವೆ. ಇವುಗಳಿಂದ ಹೊರಬರುವ ತ್ಯಾಜ್ಯ ನೀರು ಒಂದೇ ಬಗೆಯದಲ್ಲ. ಕೆಲವು ಬಗೆಯ ನೀರನ್ನು ಸೂಕ್ಷ್ಮಾಣು ಜೀವಿಗಳ ನೆರವಿನಿಂದ ಸುಲಭವಾಗಿ ಶುದ್ಧಗೊಳಿಸಬಹುದು. ಇನ್ನು ಕೆಲವು ಬಗೆಯ ನೀರಿನಲ್ಲಿರುವ ರಾಸಾಯನಿಕಗಳನ್ನು ಸೂಕ್ಷ್ಮಾಣು ಜೀವಿಗಳು ಜೀರ್ಣಿಸಿಕೊಳ್ಳಲಾರವು. ಇಂತಹ ನೀರಿಗೆ ರಾಸಾಯನಿಕ ಉತ್ಕರ್ಷಣವು ಉಪಯುಕ್ತ ವಿಧಾನವಾಗಿದೆ.

ಆದರೆ ಈ ವಿಧಾನವನ್ನು ವಿವೇಚನೆಯಿಲ್ಲದೆ ಅಳವಡಿಸಿದಲ್ಲಿ ವಿದ್ಯುತ್ ಹಾಗೂ ರಾಸಾಯನಿಕಗಳ ವೆಚ್ಚವು ಭರಿಸಲಾಗದಷ್ಟು ಹೆಚ್ಚುತ್ತದೆ. ವೆಚ್ಚ ಭರಿಸಲಾಗದ ಘಟಕವು ಕ್ರಮೇಣ ಕಾಗದದ ಮೇಲಷ್ಟೇ ಉಳಿಯುತ್ತದೆ. ಆದ್ದರಿಂದ ಸೂಕ್ಷ್ಮಾಣು ಜೀವಿಗಳಿಂದ ಆಗದ ಕೆಲಸಕ್ಕೆ ಮಾತ್ರ ವಿದ್ಯುತ್ತನ್ನೂ ರಾಸಾಯನಿಕವನ್ನೂ ವ್ಯಯಿಸುವುದು ಈ ವಿಷಯದಲ್ಲಿ ಮೂಲಸೂತ್ರವಾಗಿದೆ. ಅರ್ಜಿದಾರರು ತಮ್ಮ ಘಟಕದ ವಿನ್ಯಾಸವನ್ನು ಈ ಸೂತ್ರಕ್ಕೆ ಅನುಗುಣವಾಗಿ ರೂಪಿಸಿಕೊಳ್ಳಲು ಅಗತ್ಯವಾದ ಮಾಹಿತಿಯನ್ನು ಮುಂದೆ ನೀಡಲಾಗಿದೆ.

2. ನದಿಯ ಸ್ಥಿತಿ ಮತ್ತು ಮಾನದಂಡಗಳ ಅರ್ಥ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ 351 ಕಲುಷಿತ ನದೀ ಭಾಗಗಳನ್ನು ಗುರುತಿಸಿತು. ಇವುಗಳಲ್ಲಿ ಕರ್ನಾಟಕದ 17 ಭಾಗಗಳಿದ್ದು, ಕಬಿನಿ ನದಿಯ ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಭಾಗವೂ ಸೇರಿತ್ತು. ನದಿಯ ನೀರಿನಲ್ಲಿ ಜೈವಿಕ ಆಮ್ಲಜನಕ ಬೇಡಿಕೆಯು ಪ್ರತಿ ಲೀಟರಿಗೆ 3 ಮಿಲಿಗ್ರಾಂಗಿಂತ ಹೆಚ್ಚಿರುವ ಭಾಗಗಳನ್ನು ಹೀಗೆ ಗುರುತಿಸಲಾಯಿತು. ಇಂತಹ ಮಾಲಿನ್ಯಕ್ಕೆ ಕೈಗಾರಿಕೆಗಳಷ್ಟೇ ಅಲ್ಲದೆ ಪಟ್ಟಣಗಳ ಒಳಚರಂಡಿ ನೀರೂ ಕಾರಣವಾಗುತ್ತದೆ ಎಂಬುದನ್ನು ಗಮನಿಸತಕ್ಕದ್ದು.

ಈ ಲೇಖನದಲ್ಲಿ ಎರಡು ಅಳತೆಗಳು ಪದೇ ಪದೇ ಬರುತ್ತವೆ.

ಅ) ಜೈವಿಕ ಆಮ್ಲಜನಕ ಬೇಡಿಕೆ: ನೀರಿನಲ್ಲಿರುವ ಸಾವಯವ ವಸ್ತುವನ್ನು ಸೂಕ್ಷ್ಮಾಣು ಜೀವಿಗಳು ಜೀರ್ಣಿಸಿಕೊಳ್ಳಲು ಬಳಸುವ ಆಮ್ಲಜನಕದ ಪ್ರಮಾಣ. ಇದನ್ನು 27 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ 3 ದಿನಗಳ ಅವಧಿಗೆ ಅಳೆಯಲಾಗುತ್ತದೆ. ವಾಡಿಕೆಯಲ್ಲಿ ಇದನ್ನು ಬಿ.ಓ.ಡಿ. ಎನ್ನುತ್ತಾರೆ.

ಆ) ರಾಸಾಯನಿಕ ಆಮ್ಲಜನಕ ಬೇಡಿಕೆ: ಪ್ರಬಲ ಉತ್ಕರ್ಷಣಕಾರಿಯ ನೆರವಿನಿಂದ ಆ ವಸ್ತುವನ್ನು ಬಹುಮಟ್ಟಿಗೆ ಪೂರ್ಣವಾಗಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಪ್ರಮಾಣ. ವಾಡಿಕೆಯಲ್ಲಿ ಇದನ್ನು ಸಿ.ಓ.ಡಿ. ಎನ್ನುತ್ತಾರೆ.

ಪರಿಸರ (ಸಂರಕ್ಷಣೆ) ನಿಯಮಗಳು, 1986ರ ಅನುಸೂಚಿ 6ರ ಮೇರೆಗೆ, ಒಳನಾಡಿನ ಜಲಮೂಲಕ್ಕೆ ಬಿಡುವ ನೀರಿಗೆ ಅನ್ವಯಿಸುವ ಸಾಮಾನ್ಯ ಮಾನದಂಡಗಳಲ್ಲಿ ಮುಖ್ಯವಾದವು ಈ ಕೆಳಕಂಡಂತಿವೆ:

- ಪಿ.ಹೆಚ್. ಮೌಲ್ಯ: 5.5 ರಿಂದ 9.0
- ಬಿ.ಓ.ಡಿ.: ಪ್ರತಿ ಲೀಟರಿಗೆ 30 ಮಿ.ಗ್ರಾಂ
- ಸಿ.ಓ.ಡಿ.: ಪ್ರತಿ ಲೀಟರಿಗೆ 250 ಮಿ.ಗ್ರಾಂ
- ತೇಲುವ ಘನವಸ್ತುಗಳು: ಪ್ರತಿ ಲೀಟರಿಗೆ 100 ಮಿ.ಗ್ರಾಂ
- ಎಣ್ಣೆ ಮತ್ತು ಜಿಡ್ಡು: ಪ್ರತಿ ಲೀಟರಿಗೆ 10 ಮಿ.ಗ್ರಾಂ
- ಫೀನಾಲ್ ಸಂಯುಕ್ತಗಳು: ಪ್ರತಿ ಲೀಟರಿಗೆ 1.0 ಮಿ.ಗ್ರಾಂ
- ಕಬ್ಬಿಣ: ಪ್ರತಿ ಲೀಟರಿಗೆ 3 ಮಿ.ಗ್ರಾಂ
- ಉಳಿಕೆ ಕ್ಲೋರಿನ್: ಪ್ರತಿ ಲೀಟರಿಗೆ 1.0 ಮಿ.ಗ್ರಾಂ
- ಮೀನುಗಳ ಪರೀಕ್ಷೆ: ಸಂಸ್ಕರಿಸಿದ ನೀರಿನಲ್ಲಿ 96 ಗಂಟೆಗಳ ನಂತರ ಶೇ. 90ರಷ್ಟು ಮೀನುಗಳು ಬದುಕಿರತಕ್ಕದ್ದು

ಕೆಲವು ಉದ್ದಿಮೆಗಳಿಗೆ ಪ್ರತ್ಯೇಕ ಮಾನದಂಡಗಳಿವೆ. ಸಮ್ಮತಿ ಪತ್ರದಲ್ಲಿ ಇವುಗಳಿಗಿಂತ ಕಟ್ಟುನಿಟ್ಟಾದ ಷರತ್ತುಗಳನ್ನು, ಅಥವಾ ಹೊರಕ್ಕೆ ಹನಿ ನೀರನ್ನೂ ಬಿಡಬಾರದೆಂಬ ಷರತ್ತನ್ನು ವಿಧಿಸಿದ್ದಲ್ಲಿ ಅದನ್ನೇ ಪಾಲಿಸತಕ್ಕದ್ದು.

ಸ್ನಾನಕ್ಕೆ ಯೋಗ್ಯವಾದ ನದಿಯ ನೀರಿನಲ್ಲಿ ಬಿ.ಓ.ಡಿ. ಪ್ರತಿ ಲೀಟರಿಗೆ 3 ಮಿ.ಗ್ರಾಂ ಮೀರಬಾರದು. ನದಿಯ ನೀರಿನಲ್ಲಿ ಈಗಾಗಲೇ 2 ಮಿ.ಗ್ರಾಂ ಬಿ.ಓ.ಡಿ. ಇದ್ದಲ್ಲಿ, 30 ಮಿ.ಗ್ರಾಂ ಬಿ.ಓ.ಡಿ. ಇರುವ 1 ಲೀಟರ್ ಸಂಸ್ಕರಿತ ನೀರನ್ನು 3 ಮಿ.ಗ್ರಾಂ ಮಟ್ಟಕ್ಕೆ ಇಳಿಸಲು 27 ಲೀಟರ್ ನದಿ ನೀರು ಬೇಕಾಗುತ್ತದೆ. ಬೇಸಿಗೆಯಲ್ಲಿ ಹರಿವು ಕುಗ್ಗಿದಾಗ ನದಿಗೆ ಈ ಶಕ್ತಿ ಇರುವುದಿಲ್ಲ. ಅಂದರೆ ಮಾನದಂಡವನ್ನು ಪಾಲಿಸುವುದು ಕನಿಷ್ಠ ಕರ್ತವ್ಯ ಮಾತ್ರ. ಅಲ್ಲದೆ ಬಿ.ಓ.ಡಿ. 30 ಹಾಗೂ ಸಿ.ಓ.ಡಿ. 250 ಇರುವ ನೀರಿನಲ್ಲಿ ಸೂಕ್ಷ್ಮಾಣು ಜೀವಿಗಳು ಮುಟ್ಟಲಾಗದ ವಸ್ತುವೇ ಹೆಚ್ಚಿನ ಭಾಗವಾಗಿರುತ್ತದೆ. ಅದು ನದಿಯಲ್ಲಿಯೂ ಬೇಗನೆ ಕರಗದೆ ಕೆಳಗಿನ ಊರುಗಳಿಗೆ ಹರಿದು ಹೋಗುತ್ತದೆ.

3. ಯಾವ ನೀರಿಗೆ ಉತ್ಕರ್ಷಣ ಅಗತ್ಯ?

ಬಿ.ಓ.ಡಿ.ಯನ್ನು ಸಿ.ಓ.ಡಿ.ಯಿಂದ ಭಾಗಿಸಿದಾಗ ಬರುವ ಅನುಪಾತವು ಪ್ರಥಮ ಸೂಚನೆಯನ್ನು ನೀಡುತ್ತದೆ.

(1) ಅನುಪಾತವು 0.4ಕ್ಕಿಂತ ಹೆಚ್ಚಿದ್ದಲ್ಲಿ ಜೈವಿಕ ಸಂಸ್ಕರಣೆಯೇ ಸಾಕು. ಟಿ. ನರಸೀಪುರ ಭಾಗದ ರೇಷ್ಮೆ ನೂಲು ತೆಗೆಯುವ ಘಟಕಗಳ ನೀರಿನಲ್ಲಿ ಗೂಡಿನ ಅಂಟಾದ ಸೆರಿಸಿನ್ ಎಂಬ ಪ್ರೋಟೀನು ಹಾಗೂ ಕೋಶದ ಅಂಶ ಇರುತ್ತವೆ. ಅಕ್ಕಿ ಗಿರಣಿಗಳಲ್ಲಿ ಭತ್ತವನ್ನು ನೆನೆಸಿ ಬೇಯಿಸಿದ ನೀರಿನಲ್ಲಿ ಪಿಷ್ಟ ಮತ್ತು ಸಕ್ಕರೆ ಅಂಶ ಇರುತ್ತದೆ. ಇವು ವಾಸನೆ ಬೀರುತ್ತವೆಯಾದರೂ ಸೂಕ್ಷ್ಮಾಣು ಜೀವಿಗಳಿಗೆ ಆಹಾರವೇ ಆಗಿವೆ. ಇಂತಹ ನೀರಿಗೆ ಓಜೋನ್ ಅಥವಾ ಪೆರಾಕ್ಸೈಡ್ ಬಳಸುವುದು ಅನಾವಶ್ಯಕ ವೆಚ್ಚ.

(2) ಅನುಪಾತವು 0.2 ರಿಂದ 0.4ರ ನಡುವೆ ಇದ್ದಲ್ಲಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ನಿರ್ಧರಿಸುವುದು ಉಚಿತ.

(3) ಅನುಪಾತವು 0.2ಕ್ಕಿಂತ ಕಡಿಮೆ ಇದ್ದಲ್ಲಿ, ಅಥವಾ ನೀರು ಸೂಕ್ಷ್ಮಾಣು ಜೀವಿಗಳಿಗೆ ವಿಷಕಾರಿಯಾಗಿದ್ದಲ್ಲಿ ಉತ್ಕರ್ಷಣದ ಅಗತ್ಯ ಬೀಳಬಹುದು. ಔಷಧ ಮೂಲವಸ್ತು ತಯಾರಿಕೆಯ ಪ್ರಕ್ರಿಯಾ ನೀರು, ಬಣ್ಣ ಹಾಕುವ ಘಟಕಗಳ ನೀರು, ಕಾಗದ ಉದ್ದಿಮೆಯ ಲಿಗ್ನಿನ್ ಅಂಶವುಳ್ಳ ನೀರು ಹಾಗೂ ಜೈವಿಕ ಸಂಸ್ಕರಣೆಯ ನಂತರವೂ ಕಂದು ಬಣ್ಣ ಉಳಿಸಿಕೊಳ್ಳುವ ಮದ್ಯಸಾರ ಘಟಕದ ನೀರು ಈ ಗುಂಪಿಗೆ ಸೇರಬಹುದು.

4. ಉತ್ಕರ್ಷಣದ ತತ್ವ

ಕೆಲವು ರಾಸಾಯನಿಕಗಳ ಸಂಯೋಗದಿಂದ ಹೈಡ್ರಾಕ್ಸಿಲ್ ರಾಡಿಕಲ್ ಎಂಬ ಅತ್ಯಂತ ಕ್ರಿಯಾಶೀಲ ಕಣವು ಉತ್ಪತ್ತಿಯಾಗುತ್ತದೆ. ಇದರ ಆಯುಷ್ಯ ಸೆಕೆಂಡಿನ ಅತ್ಯಲ್ಪ ಅಂಶ ಮಾತ್ರ. ಆದರೆ ಅಷ್ಟರಲ್ಲಿಯೇ ಅದು ಎದುರಿಗೆ ಸಿಕ್ಕ ಸಾವಯವ ಅಣುವನ್ನು ಒಡೆಯುತ್ತದೆ. ಉತ್ಕರ್ಷಣ ವಿಭವವು ಕ್ಲೋರಿನ್‌ಗೆ ಸುಮಾರು 1.4 ವೋಲ್ಟ್, ಹೈಡ್ರೋಜನ್ ಪೆರಾಕ್ಸೈಡಿಗೆ 1.8 ವೋಲ್ಟ್, ಓಜೋನಿಗೆ 2.1 ವೋಲ್ಟ್ ಇದ್ದು, ಹೈಡ್ರಾಕ್ಸಿಲ್ ರಾಡಿಕಲ್‌ಗೆ 2.8 ವೋಲ್ಟ್ ಇರುತ್ತದೆ. ಈ ಕಣವನ್ನು ಆಧರಿಸಿದ ವಿಧಾನಗಳಿಗೆ ಮುಂದುವರಿದ ಉತ್ಕರ್ಷಣ ವಿಧಾನಗಳೆಂಬ ಹೆಸರು 1987ರಿಂದ ಬಳಕೆಗೆ ಬಂದಿದೆ.

ಅಣುವನ್ನು ನೀರು ಹಾಗೂ ಇಂಗಾಲದ ಡೈಆಕ್ಸೈಡ್ ಆಗುವವರೆಗೂ ಉತ್ಕರ್ಷಿಸುವುದು ಯಾವಾಗಲೂ ಅಗತ್ಯವಿಲ್ಲ. ದೊಡ್ಡ ಅಣುವನ್ನು ಒಡೆದು ಸೂಕ್ಷ್ಮಾಣು ಜೀವಿಗಳು ಸೇವಿಸಬಲ್ಲ ಸಣ್ಣ ಅಣುಗಳನ್ನಾಗಿ ಮಾಡಿದರೆ, ಉಳಿದ ಕೆಲಸವನ್ನು ಜೈವಿಕ ಘಟಕವು ಕಡಿಮೆ ವೆಚ್ಚದಲ್ಲಿ ಪೂರೈಸುತ್ತದೆ. ವಿದ್ಯುತ್ ಉಳಿತಾಯದ ಬಹುಪಾಲು ಇಲ್ಲಿಯೇ ದೊರೆಯುತ್ತದೆ.

5. ಪ್ರಮುಖ ವಿಧಾನಗಳು

5.1 ಫೆಂಟನ್ ವಿಧಾನ

ಕಬ್ಬಿಣದ ಲವಣ ಹಾಗೂ ಹೈಡ್ರೋಜನ್ ಪೆರಾಕ್ಸೈಡ್ ಸೇರಿದಾಗ ಉಂಟಾಗುವ ಈ ಕ್ರಿಯೆಯನ್ನು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹೆನ್ರಿ ಫೆಂಟನ್ 1894ರಲ್ಲಿ ಪ್ರಕಟಿಸಿದರು. ಇದರಲ್ಲಿ ವಿದ್ಯುತ್ತು ಪಂಪು ಮತ್ತು ಕಲಕುವ ಯಂತ್ರಗಳಿಗೆ ಮಾತ್ರ ಬೇಕಾಗುತ್ತದೆ. ಆದ್ದರಿಂದ ಸಣ್ಣ ಹಾಗೂ ಮಧ್ಯಮ ಉದ್ದಿಮೆಗಳಿಗೆ ಇದು ಸುಲಭವಾಗಿ ಎಟಕುತ್ತದೆ. ಕ್ರಮ ಹೀಗಿದೆ:

(ಅ) ನೀರಿನ ಪಿ.ಹೆಚ್. ಮೌಲ್ಯವನ್ನು ಗಂಧಕಾಮ್ಲದಿಂದ ಸುಮಾರು 3ಕ್ಕೆ ಇಳಿಸುವುದು.
(ಆ) ಫೆರಸ್ ಸಲ್ಫೇಟ್ ಬೆರೆಸುವುದು. ಕಬ್ಬಿಣದ 1 ಭಾಗಕ್ಕೆ ಪೆರಾಕ್ಸೈಡಿನ 5 ರಿಂದ 25 ಭಾಗ ತೂಕದ ಪ್ರಮಾಣ ಸಾಮಾನ್ಯವಾಗಿರುತ್ತದೆ.
(ಇ) ಪೆರಾಕ್ಸೈಡನ್ನು ನಿಧಾನವಾಗಿ, ಕಲಕುತ್ತಾ ಸೇರಿಸುವುದು. ಕ್ರಿಯೆಯಲ್ಲಿ ಶಾಖ ಹೊಮ್ಮುತ್ತದೆ. ಉಷ್ಣಾಂಶ 40 ಡಿಗ್ರಿ ಮೀರಿದಲ್ಲಿ ಪೆರಾಕ್ಸೈಡ್ ವ್ಯರ್ಥವಾಗಿ ಒಡೆಯತೊಡಗುತ್ತದೆ.
(ಈ) ಸಾಮಾನ್ಯವಾಗಿ 1 ರಿಂದ 2 ಗಂಟೆಗಳ ಕಾಲ ಕ್ರಿಯೆ ನಡೆಯಲು ಬಿಡುವುದು.
(ಉ) ಸುಣ್ಣ ಅಥವಾ ಕಾಸ್ಟಿಕ್ ಸೋಡಾದಿಂದ ಪಿ.ಹೆಚ್. ಮೌಲ್ಯವನ್ನು ತಟಸ್ಥಕ್ಕೆ ತಂದು, ಕಬ್ಬಿಣದ ಕೆಸರನ್ನು ತಂಗಿಸಿ ಬೇರ್ಪಡಿಸುವುದು.

ಪಿ.ಹೆಚ್. ಹೊಂದಿಸದೆ ಪೆರಾಕ್ಸೈಡ್ ಸುರಿದಲ್ಲಿ ಕಬ್ಬಿಣವು ತಳಕ್ಕೆ ಇಳಿದು, ಪೆರಾಕ್ಸೈಡ್ ಆಮ್ಲಜನಕವಾಗಿ ಹಾರಿ ಹೋಗುತ್ತದೆ. ನೊರೆ ಕಂಡ ಮಾತ್ರಕ್ಕೆ ಉತ್ಕರ್ಷಣ ನಡೆದಿದೆ ಎಂದು ಭಾವಿಸತಕ್ಕದ್ದಲ್ಲ.

5.2 ಸೌರ ಫೆಂಟನ್ ವಿಧಾನ

ಫೆಂಟನ್ ಕ್ರಿಯೆಗೆ ಬಿಸಿಲು ಒದಗಿಸಿದಲ್ಲಿ ಬಳಕೆಯಾದ ಕಬ್ಬಿಣವು ಪುನಃ ಕ್ರಿಯಾಶೀಲವಾಗುತ್ತದೆ. ಇದರಿಂದ ಕಡಿಮೆ ಕಬ್ಬಿಣ ಸಾಕಾಗುತ್ತದೆ ಹಾಗೂ ಕೆಸರೂ ಕಡಿಮೆಯಾಗುತ್ತದೆ. ಮೈಸೂರು ಭಾಗದಲ್ಲಿ ಪ್ರತಿ ಚದರ ಮೀಟರಿಗೆ ದಿನಕ್ಕೆ ಸರಾಸರಿ 5 ಯೂನಿಟ್‌ಗೂ ಅಧಿಕ ಸೌರಶಕ್ತಿ ಲಭ್ಯವಿರುವುದರಿಂದ ಈ ವಿಧಾನವು ಪರಿಶೀಲನಾರ್ಹವಾಗಿದೆ. ಕಡಿಮೆ ಆಳದ ತೊಟ್ಟಿಗಳಿಗೆ ಸ್ಥಳಾವಕಾಶ ಬೇಕು. ಮಳೆಗಾಲದ ಮೋಡದ ದಿನಗಳಿಗೆ ಹಾಗೂ ರಾತ್ರಿ ಪಾಳಿಗೆ ನೀರು ಸಂಗ್ರಹಿಸುವ ತೊಟ್ಟಿ ಅಥವಾ ಪರ್ಯಾಯ ವ್ಯವಸ್ಥೆ ಇರತಕ್ಕದ್ದು.

5.3 ಓಜೋನ್ ವಿಧಾನ

ಓಜೋನನ್ನು ಸ್ಥಳದಲ್ಲಿಯೇ ವಿದ್ಯುತ್ ವಿಸರ್ಜನೆಯಿಂದ ತಯಾರಿಸಬೇಕಾಗುತ್ತದೆ. 1 ಕಿ.ಗ್ರಾಂ ಓಜೋನಿಗೆ ಸುಮಾರು 10 ರಿಂದ 15 ಯೂನಿಟ್ ವಿದ್ಯುತ್ ಬೇಕು. ಕೆಸರು ಉತ್ಪತ್ತಿಯಾಗುವುದಿಲ್ಲ, ಬಣ್ಣವನ್ನು ತೆಗೆಯುವುದರಲ್ಲಿ ಇದು ಸಮರ್ಥವಾಗಿದೆ. ಜೈವಿಕ ಸಂಸ್ಕರಣೆಯ ನಂತರ ಉಳಿಯುವ ಅಲ್ಪ ಪ್ರಮಾಣದ ಬಣ್ಣ ಹಾಗೂ ಔಷಧಾಂಶವನ್ನು ನಿವಾರಿಸಲು ಇದನ್ನು ಬಳಸುವುದು ಸೂಕ್ತ. ಅಧಿಕ ಸಿ.ಓ.ಡಿ. ಇರುವ ಕಚ್ಚಾ ತ್ಯಾಜ್ಯ ನೀರಿಗೆ ಸೂಕ್ತವಲ್ಲ.

5.4 ಅತಿನೇರಳೆ ಕಿರಣ ಮತ್ತು ಪೆರಾಕ್ಸೈಡ್ ವಿಧಾನ

ಕಿರಣವು ನೀರಿನೊಳಗೆ ತೂರಿ ಹೋಗಬೇಕಾದ್ದರಿಂದ ತಿಳಿಯಾದ ನೀರಿಗೆ ಮಾತ್ರ ಇದು ಅನ್ವಯಿಸುತ್ತದೆ. ಬಣ್ಣದ ಅಥವಾ ಕದಡಿದ ನೀರಿನಲ್ಲಿ ದೀಪದ ಸುತ್ತಲಿನ ತೆಳು ಪದರವಷ್ಟೇ ಸಂಸ್ಕರಣೆಗೊಳ್ಳುತ್ತದೆ. ದೀಪದ ಹೊದಿಕೆಯ ಮೇಲೆ ಕೂಡುವ ಪೊರೆಯನ್ನು ಕಾಲಕಾಲಕ್ಕೆ ತೆಗೆಯತಕ್ಕದ್ದು.

5.5 ಇತರ ವಿಧಾನಗಳು

ವಿದ್ಯುದ್ವಾರಗಳ ಮೂಲಕ ನಡೆಸುವ ಉತ್ಕರ್ಷಣ, ಗುಳ್ಳೆಗಳ ಕುಸಿತದಿಂದ ಶಕ್ತಿ ಪಡೆಯುವ ಕ್ಯಾವಿಟೇಶನ್ ಹಾಗೂ ಅಧಿಕ ಒತ್ತಡ ಮತ್ತು ಉಷ್ಣಾಂಶದಲ್ಲಿ ಗಾಳಿಯಿಂದ ನಡೆಸುವ ಉತ್ಕರ್ಷಣ ವಿಧಾನಗಳೂ ಇವೆ. ಕೊನೆಯದು ಅತ್ಯಂತ ಸಾಂದ್ರವಾದ ನೀರಿಗೆ ಮಾತ್ರ ಯೋಗ್ಯ. ಈ ವಿಧಾನಗಳನ್ನು ಆಯ್ಕೆ ಮಾಡುವವರು ತಮ್ಮ ಘಟಕದ ನೀರಿನ ಮೇಲೆಯೇ ನಡೆಸಿದ ಪರೀಕ್ಷೆಯ ಫಲಿತಾಂಶವನ್ನು ಸರಬರಾಜುದಾರರಿಂದ ಪಡೆಯುವುದು ಅವಶ್ಯಕ.

6. ವಿದ್ಯುತ್ ಬಳಕೆಯನ್ನು ಹೋಲಿಸುವ ಬಗೆ

ಸರಬರಾಜುದಾರರು ನೀಡುವ ಅಂಕಿಗಳನ್ನು ಹೋಲಿಸಲು 2001ರಿಂದ ಒಂದು ಅಂತರರಾಷ್ಟ್ರೀಯ ಅಳತೆ ಬಳಕೆಯಲ್ಲಿದೆ. 1 ಘನ ಮೀಟರ್, ಅಂದರೆ 1,000 ಲೀಟರ್ ನೀರಿನಲ್ಲಿರುವ ನಿರ್ದಿಷ್ಟ ಮಾಲಿನ್ಯಕಾರಕವನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಲು ಬೇಕಾಗುವ ಯೂನಿಟ್‌ಗಳ ಸಂಖ್ಯೆಯೇ ಈ ಅಳತೆ. ಉದಾಹರಣೆಗೆ, ಈ ಅಳತೆಯು 10 ಇದ್ದಲ್ಲಿ ಶೇ. 90ರಷ್ಟು ನಿವಾರಣೆಗೆ 10 ಯೂನಿಟ್ ಹಾಗೂ ಶೇ. 99ರಷ್ಟು ನಿವಾರಣೆಗೆ 20 ಯೂನಿಟ್ ಬೇಕು.

ಅಲ್ಪ ಪ್ರಮಾಣದ ಮಾಲಿನ್ಯಕಾರಕಗಳಿರುವ ನೀರಿಗೆ ಸಂಬಂಧಿಸಿದ ಅಧ್ಯಯನಗಳಲ್ಲಿ ಓಜೋನ್ ಹಾಗೂ ಅತಿನೇರಳೆ-ಪೆರಾಕ್ಸೈಡ್ ವಿಧಾನಗಳಿಗೆ ಈ ಅಳತೆಯು ಸಾಮಾನ್ಯವಾಗಿ 1ಕ್ಕಿಂತ ಕಡಿಮೆ ಇರುತ್ತದೆ. ದೀಪ ಬಳಸುವ ಫೆಂಟನ್ ಹಾಗೂ ವಿದ್ಯುದ್ವಾರ ವಿಧಾನಗಳಿಗೆ 1 ರಿಂದ 100ರವರೆಗೆ ಇರುತ್ತದೆ. ಶ್ರವಣಾತೀತ ತರಂಗ, ಮೈಕ್ರೋವೇವ್ ಹಾಗೂ ಕೃತಕ ಅತಿನೇರಳೆ ದೀಪದ ದ್ಯುತಿವೇಗವರ್ಧಕ ವಿಧಾನಗಳಿಗೆ 100ನ್ನೂ ಮೀರುತ್ತದೆ. ಈ ಅಳತೆಯಲ್ಲಿ ರಾಸಾಯನಿಕಗಳ ವೆಚ್ಚ ಹಾಗೂ ಕೆಸರಿನ ವಿಲೇವಾರಿ ವೆಚ್ಚ ಸೇರಿರುವುದಿಲ್ಲ. ಅವುಗಳನ್ನು ಪ್ರತ್ಯೇಕವಾಗಿ ಕೇಳಿ ಪಡೆಯತಕ್ಕದ್ದು.

7. ವಿವರಣಾತ್ಮಕ ಉದಾಹರಣೆ

ಈ ಕೆಳಗಿನ ಲೆಕ್ಕವು ತಿಳಿವಳಿಕೆಗಾಗಿ ಮಾತ್ರ. ಯಾವುದೇ ನಿರ್ದಿಷ್ಟ ಉದ್ದಿಮೆಗೆ ಸಂಬಂಧಿಸಿದ್ದಲ್ಲ.

ಒಂದು ಘಟಕದಿಂದ ದಿನಕ್ಕೆ 100 ಘನ ಮೀಟರ್ ತ್ಯಾಜ್ಯ ನೀರು ಹೊರಬರುತ್ತದೆ ಎಂದಿಟ್ಟುಕೊಳ್ಳೋಣ. ಇದರಲ್ಲಿ 10 ಘನ ಮೀಟರ್ ಪ್ರಕ್ರಿಯಾ ನೀರಾಗಿದ್ದು ಅದರ ಸಿ.ಓ.ಡಿ. ಪ್ರತಿ ಲೀಟರಿಗೆ 12,000 ಮಿ.ಗ್ರಾಂ. ಉಳಿದ 90 ಘನ ಮೀಟರ್ ತೊಳೆದ ನೀರು ಇತ್ಯಾದಿ, ಅದರ ಸಿ.ಓ.ಡಿ. 2,000 ಮಿ.ಗ್ರಾಂ. ಒಟ್ಟು ಸಿ.ಓ.ಡಿ. ಭಾರ ದಿನಕ್ಕೆ 300 ಕಿ.ಗ್ರಾಂ. ಸೈದ್ಧಾಂತಿಕವಾಗಿ 1 ಕಿ.ಗ್ರಾಂ ಸಿ.ಓ.ಡಿ. ನಿವಾರಿಸಲು 2.125 ಕಿ.ಗ್ರಾಂ ಹೈಡ್ರೋಜನ್ ಪೆರಾಕ್ಸೈಡ್ ಬೇಕು.

ಕ್ರಮ 1: ಎಲ್ಲ ನೀರನ್ನೂ ಒಂದೇ ತೊಟ್ಟಿಗೆ ಬಿಟ್ಟು, ಪೂರ್ಣವಾಗಿ ಫೆಂಟನ್ ವಿಧಾನದಿಂದ ಸಂಸ್ಕರಿಸಿದಲ್ಲಿ:
- ಶೇ. 50ರ ಪೆರಾಕ್ಸೈಡ್ ದ್ರಾವಣ: ದಿನಕ್ಕೆ 1,275 ಕಿ.ಗ್ರಾಂ
- ಗಂಧಕಾಮ್ಲ (ನೀರಿನ ಕ್ಷಾರೀಯತೆ ಪ್ರತಿ ಲೀಟರಿಗೆ 500 ಮಿ.ಗ್ರಾಂ ಇದ್ದಲ್ಲಿ): ಸುಮಾರು 54 ಕಿ.ಗ್ರಾಂ
- ಕಬ್ಬಿಣದ ಒಣ ಕೆಸರು (ಕಬ್ಬಿಣ ಪೆರಾಕ್ಸೈಡಿನ ಹತ್ತನೆಯ ಒಂದು ಭಾಗವಿದ್ದಲ್ಲಿ): ಸುಮಾರು 122 ಕಿ.ಗ್ರಾಂ

ಕ್ರಮ 2: ಪ್ರಕ್ರಿಯಾ ನೀರನ್ನು ಮಾತ್ರ ಪ್ರತ್ಯೇಕಿಸಿ, ಸೈದ್ಧಾಂತಿಕ ಪ್ರಮಾಣದ ಶೇ. 30ರಷ್ಟು ಪೆರಾಕ್ಸೈಡಿನಿಂದ ಒಡೆದು, ನಂತರ ಉಳಿದ ನೀರಿನೊಂದಿಗೆ ಜೈವಿಕ ಘಟಕಕ್ಕೆ ಬಿಟ್ಟಲ್ಲಿ:
- ಶೇ. 50ರ ಪೆರಾಕ್ಸೈಡ್ ದ್ರಾವಣ: ದಿನಕ್ಕೆ 153 ಕಿ.ಗ್ರಾಂ
- ಗಂಧಕಾಮ್ಲ: ಸುಮಾರು 5.4 ಕಿ.ಗ್ರಾಂ
- ಕಬ್ಬಿಣದ ಒಣ ಕೆಸರು: ಸುಮಾರು 15 ಕಿ.ಗ್ರಾಂ

ಎರಡನೆಯ ಕ್ರಮದಲ್ಲಿ ಉಳಿಯುವ ಸುಮಾರು 260 ಕಿ.ಗ್ರಾಂ ಭಾರಕ್ಕೆ ಗಾಳಿ ಊದಲು, 1 ಕಿ.ಗ್ರಾಂಗೆ ಸುಮಾರು 1 ಯೂನಿಟ್‌ನಂತೆ, ದಿನಕ್ಕೆ 260 ಯೂನಿಟ್ ವಿದ್ಯುತ್ ಬೇಕಾಗಬಹುದು. ಇದೇ 300 ಕಿ.ಗ್ರಾಂ ಭಾರವನ್ನು ಓಜೋನಿನಿಂದಲೇ ನಿವಾರಿಸಲು ಹೊರಟಲ್ಲಿ, 1 ಕಿ.ಗ್ರಾಂ ಸಿ.ಓ.ಡಿ.ಗೆ 2 ರಿಂದ 3 ಕಿ.ಗ್ರಾಂ ಓಜೋನ್ ಎಂದು ಹಿಡಿದರೆ, ದಿನಕ್ಕೆ 6,000 ರಿಂದ 13,500 ಯೂನಿಟ್ ಬೇಕಾಗುತ್ತದೆ.

ಶೇ. 30 ಎಂಬುದು ಇಲ್ಲಿ ಊಹಿಸಿದ ಪ್ರಮಾಣ. ತಮ್ಮ ನೀರಿಗೆ ಎಷ್ಟು ಬೇಕು ಎಂಬುದನ್ನು ಪ್ರಯೋಗಾಲಯದ ಪರೀಕ್ಷೆಯಿಂದಲೇ ನಿಶ್ಚಯಿಸತಕ್ಕದ್ದು. ಯಂತ್ರ ಕೊಳ್ಳುವ ಮುನ್ನ ಪ್ರಕ್ರಿಯಾ ನೀರಿಗೆ ಪ್ರತ್ಯೇಕ ಕೊಳವೆ ಹಾಗೂ ಪ್ರತ್ಯೇಕ ತೊಟ್ಟಿ ನಿರ್ಮಿಸುವುದೇ ಅತ್ಯಂತ ಲಾಭದಾಯಕ ಹೂಡಿಕೆ ಎಂಬುದನ್ನು ಈ ಉದಾಹರಣೆಯು ತೋರಿಸುತ್ತದೆ.

8. ಗಮನಿಸಬೇಕಾದ ಮಿತಿಗಳು

(1) ಉತ್ಕರ್ಷಣದಿಂದ ನೀರಿನಲ್ಲಿ ಕರಗಿರುವ ಲವಣಗಳು ಹೋಗುವುದಿಲ್ಲ. ಆಮ್ಲ, ಸುಣ್ಣ ಮತ್ತು ಫೆರಸ್ ಸಲ್ಫೇಟ್ ಬಳಕೆಯಿಂದ ಲವಣಾಂಶ ಇನ್ನಷ್ಟು ಹೆಚ್ಚುತ್ತದೆ. ಹೊರಕ್ಕೆ ನೀರು ಬಿಡಬಾರದೆಂಬ ಷರತ್ತು ಇರುವ ಉದ್ದಿಮೆಗಳು ಇದನ್ನು ವಿನ್ಯಾಸದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

(2) ಕ್ಲೋರೈಡ್ ಹಾಗೂ ಬೈಕಾರ್ಬೊನೇಟ್ ಅಧಿಕವಿರುವ ನೀರಿನಲ್ಲಿ ರಾಡಿಕಲ್‌ಗಳು ಅವುಗಳ ಮೇಲೆಯೇ ವ್ಯಯವಾಗಿ ಕಾರ್ಯಕ್ಷಮತೆ ತಗ್ಗುತ್ತದೆ.

(3) ಪೆರಾಕ್ಸೈಡ್ ಉಳಿದಿರುವ ನೀರನ್ನು ಜೈವಿಕ ಘಟಕಕ್ಕೆ ಬಿಟ್ಟಲ್ಲಿ ಸೂಕ್ಷ್ಮಾಣು ಜೀವಿಗಳು ಸಾಯುತ್ತವೆ. ಉಳಿಕೆ ಪೆರಾಕ್ಸೈಡ್ ಸಿ.ಓ.ಡಿ. ಪರೀಕ್ಷೆಯಲ್ಲಿಯೂ ತಪ್ಪು ಅಂಕಿ ನೀಡುತ್ತದೆ. 1 ಮಿ.ಗ್ರಾಂ ಪೆರಾಕ್ಸೈಡ್ ಸುಮಾರು 0.47 ಮಿ.ಗ್ರಾಂ ಸಿ.ಓ.ಡಿ.ಯಂತೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮಾದರಿಯನ್ನು ಪರೀಕ್ಷಿಸುವ ಮುನ್ನ ಅದನ್ನು ನಿವಾರಿಸತಕ್ಕದ್ದು.

(4) ಅಣುವು ಅರ್ಧ ಒಡೆದಾಗ ಕೆಲವೊಮ್ಮೆ ಮೂಲ ವಸ್ತುವಿಗಿಂತಲೂ ವಿಷಕಾರಿಯಾದ ವಸ್ತು ಉಂಟಾಗಬಹುದು. ಬಣ್ಣ ಹೋದ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ತಿಳಿಯಬಾರದು. ಮೀನುಗಳ ಪರೀಕ್ಷೆಯ ಉದ್ದೇಶ ಇದೇ ಆಗಿದೆ.

(5) ಒಳ್ಳೆಯ ನೀರು ಬೆರೆಸಿ ಸಾಂದ್ರತೆ ತಗ್ಗಿಸುವುದು ಸಂಸ್ಕರಣೆಯಲ್ಲ. ನದಿಗೆ ಸೇರುವ ಮಾಲಿನ್ಯದ ಒಟ್ಟು ತೂಕ ಅದರಿಂದ ಒಂದು ಗ್ರಾಂ ಕೂಡ ಕಡಿಮೆಯಾಗುವುದಿಲ್ಲ.

9. ಕೆಸರಿನ ವಿಲೇವಾರಿ

ಫೆಂಟನ್ ವಿಧಾನದಲ್ಲಿ ಬಳಸುವ ಪ್ರತಿ 5 ಕಿ.ಗ್ರಾಂ ಫೆರಸ್ ಸಲ್ಫೇಟ್ ಹರಳಿನಿಂದ ಸುಮಾರು 1.9 ಕಿ.ಗ್ರಾಂ ಒಣ ಕೆಸರು ಉಂಟಾಗುತ್ತದೆ. ಶೇ. 75ರಷ್ಟು ತೇವಾಂಶವಿರುವಾಗ ಇದರ ತೂಕ ಸುಮಾರು 7.6 ಕಿ.ಗ್ರಾಂ. ತ್ಯಾಜ್ಯ ನೀರಿನ ಸಂಸ್ಕರಣೆಯಿಂದ ಬರುವ ರಾಸಾಯನಿಕ ಕೆಸರು ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ (ನಿರ್ವಹಣೆ ಮತ್ತು ಗಡಿಯಾಚೆಗಿನ ಸಾಗಣೆ) ನಿಯಮಗಳು, 2016ರ ಅನುಸೂಚಿ 1ರ ಕ್ರಮಾಂಕ 35.3ರಲ್ಲಿ ಸೇರಿದೆ. ಇದಕ್ಕೆ ಮಂಡಳಿಯಿಂದ ಅಧಿಕಾರ ಪತ್ರ ಪಡೆಯತಕ್ಕದ್ದು. ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಆವರಣದಲ್ಲಿ ಸಂಗ್ರಹಿಸುವಂತಿಲ್ಲ. ಸಾಗಣೆಯನ್ನು ನಿಗದಿತ ಸಾಗಣೆ ಪತ್ರದೊಂದಿಗೆ ಅಧಿಕೃತ ವಿಲೇವಾರಿ ಕೇಂದ್ರಕ್ಕೆ ಮಾತ್ರ ಮಾಡತಕ್ಕದ್ದು. ಕೆರೆಯಂಗಳ, ಹಳ್ಳ, ನಾಲಾ ಬದಿ ಅಥವಾ ಗದ್ದೆಗಳಲ್ಲಿ ಸುರಿಯುವುದು ಅಪರಾಧ.

10. ಸಮ್ಮತಿ ಪತ್ರಕ್ಕೆ ಅರ್ಜಿ

ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1974ರ ಪ್ರಕರಣ 25ರ ಮೇರೆಗೆ, ತ್ಯಾಜ್ಯ ನೀರು ಹೊರಬಿಡುವ ಉದ್ದಿಮೆಯನ್ನು ಸ್ಥಾಪಿಸುವ ಮುನ್ನ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿಯನ್ನೂ, ಉತ್ಪಾದನೆ ಆರಂಭಿಸುವ ಮುನ್ನ ಕಾರ್ಯಾಚರಣೆ ಸಮ್ಮತಿಯನ್ನೂ ಪಡೆಯತಕ್ಕದ್ದು. ಕಾನೂನಿನಲ್ಲಿ ವಿನಾಯಿತಿ ನೀಡಲಾಗಿರುವ ವರ್ಗಗಳಿಗೆ ಇದು ಅನ್ವಯಿಸುವುದಿಲ್ಲ. ಉತ್ಕರ್ಷಣ ವಿಧಾನವನ್ನು ಪ್ರಸ್ತಾಪಿಸುವ ಅರ್ಜಿದಾರರು ತಾಂತ್ರಿಕ ವರದಿಯಲ್ಲಿ ಈ ಕೆಳಕಂಡ ಅಂಶಗಳನ್ನು ವಿವರಿಸುವುದರಿಂದ ಪರಿಶೀಲನೆ ಸುಗಮವಾಗುತ್ತದೆ:

(1) ಪ್ರತಿಯೊಂದು ತ್ಯಾಜ್ಯ ನೀರಿನ ಧಾರೆಯ ದೈನಂದಿನ ಪ್ರಮಾಣ, ಬಿ.ಓ.ಡಿ., ಸಿ.ಓ.ಡಿ., ಲವಣಾಂಶ ಮತ್ತು ಪಿ.ಹೆಚ್.
(2) ಪ್ರತ್ಯೇಕಿಸಿದ ಧಾರೆಗಳ ಕೊಳವೆ ಹಾಗೂ ತೊಟ್ಟಿಗಳ ನಕ್ಷೆ
(3) ತಮ್ಮದೇ ನೀರಿನ ಮೇಲೆ ನಡೆಸಿದ ಪ್ರಯೋಗಾಲಯ ಪರೀಕ್ಷೆಯ ಫಲಿತಾಂಶ. ಉತ್ಕರ್ಷಣದ ಮೊದಲು ಮತ್ತು ನಂತರದ ಬಿ.ಓ.ಡಿ.-ಸಿ.ಓ.ಡಿ. ಅನುಪಾತ
(4) ಪ್ರತಿ ಘನ ಮೀಟರಿಗೆ ವಿದ್ಯುತ್ ಹಾಗೂ ರಾಸಾಯನಿಕಗಳ ಬಳಕೆ
(5) ಕೆಸರಿನ ಪ್ರಮಾಣ ಮತ್ತು ವಿಲೇವಾರಿ ವ್ಯವಸ್ಥೆ
(6) ವಿದ್ಯುತ್ ಕಡಿತ ಅಥವಾ ಯಂತ್ರ ದುರಸ್ತಿ ಕಾಲದಲ್ಲಿ ನೀರನ್ನು ಹಿಡಿದಿಡುವ ತೊಟ್ಟಿಯ ಸಾಮರ್ಥ್ಯ
(7) ವಿದ್ಯುತ್ ಹಾಗೂ ಹರಿವಿನ ಪ್ರತ್ಯೇಕ ಮಾಪಕಗಳು

ಸಂಸ್ಕರಣಾ ಘಟಕಕ್ಕೆ ಪ್ರತ್ಯೇಕ ವಿದ್ಯುತ್ ಮಾಪಕವಿದ್ದಲ್ಲಿ ಘಟಕವು ವಾಸ್ತವವಾಗಿ ನಡೆಯುತ್ತಿದೆಯೇ ಎಂಬುದು ಪರಿಶೀಲಕರಿಗೂ ಮಾಲೀಕರಿಗೂ ತಿಳಿಯುತ್ತದೆ. ಸಮ್ಮತಿ ನಿರಾಕರಣೆ ಅಥವಾ ಷರತ್ತುಗಳಿಂದ ಬಾಧಿತರಾದವರು ಆದೇಶ ತಿಳಿದ 30 ದಿನಗಳೊಳಗೆ ಪ್ರಕರಣ 28ರ ಮೇರೆಗೆ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.

11. ಕಾರ್ಮಿಕರ ಸುರಕ್ಷತೆ

ಶೇ. 50ರ ಪೆರಾಕ್ಸೈಡ್ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಶಾಶ್ವತ ಹಾನಿ ಮಾಡಬಲ್ಲದು. ಕಬ್ಬಿಣದ ತುಕ್ಕು, ಧೂಳು ಅಥವಾ ದ್ರಾವಕಗಳೊಂದಿಗೆ ಸೇರಿದಲ್ಲಿ ವೇಗವಾಗಿ ಒಡೆದು ಬೆಂಕಿ ಅಥವಾ ಸ್ಫೋಟಕ್ಕೆ ಕಾರಣವಾಗಬಹುದು. ಇದನ್ನು ಗಾಳಿ ಬಿಡುವ ಮುಚ್ಚಳವಿರುವ ಸೂಕ್ತ ಪಾತ್ರೆಯಲ್ಲಿ, ನೆರಳಿನಲ್ಲಿ, ಫೆರಸ್ ಸಲ್ಫೇಟಿನಿಂದ ದೂರವಿಡತಕ್ಕದ್ದು. ಆಮ್ಲಕ್ಕೆ ನೀರು ಸುರಿಯಬಾರದು. ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸತಕ್ಕದ್ದು. ಸೈನೈಡ್ ಅಥವಾ ಸಲ್ಫೈಡ್ ಇರುವ ನೀರನ್ನು ಆಮ್ಲೀಯಗೊಳಿಸಿದಲ್ಲಿ ಮಾರಣಾಂತಿಕ ಅನಿಲ ಹೊಮ್ಮುತ್ತದೆ. ಆದ್ದರಿಂದ ಮೊದಲು ಪರೀಕ್ಷೆ ಮಾಡಿಸುವುದು ಕಡ್ಡಾಯವೆಂದು ತಿಳಿಯತಕ್ಕದ್ದು. ತೊಟ್ಟಿಯ ಬಳಿ ಕಣ್ಣು ತೊಳೆಯುವ ನಲ್ಲಿ ಹಾಗೂ ತುರ್ತು ಸ್ನಾನದ ವ್ಯವಸ್ಥೆ ಇರಬೇಕು.

12. ಸಾರ್ವಜನಿಕರ ಹಕ್ಕುಗಳು

ಪ್ರಕರಣ 25ರ ಉಪಪ್ರಕರಣ 6ರ ಮೇರೆಗೆ ಮಂಡಳಿಯು ಸಮ್ಮತಿಯ ಷರತ್ತುಗಳ ವಹಿಯನ್ನು ಇಡತಕ್ಕದ್ದು. ತ್ಯಾಜ್ಯ ನೀರಿನಿಂದ ಬಾಧಿತರಾದ ಅಥವಾ ಹಿತಾಸಕ್ತಿ ಹೊಂದಿದ ಯಾವುದೇ ವ್ಯಕ್ತಿ ಇದನ್ನು ಸೂಕ್ತ ವೇಳೆಯಲ್ಲಿ ಪರಿಶೀಲಿಸಬಹುದು. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿಯೂ ಮಾಹಿತಿ ಕೋರಬಹುದು. ನದಿಯಲ್ಲಿ ಮೀನು ಸತ್ತಿರುವುದು, ನೊರೆ, ಅಸಹಜ ಬಣ್ಣ ಅಥವಾ ವಾಸನೆ ಕಂಡುಬಂದಲ್ಲಿ ಸ್ಥಳ, ದಿನಾಂಕ ಹಾಗೂ ವೇಳೆಯನ್ನು ನಮೂದಿಸಿ ಮೈಸೂರಿನ ಪ್ರಾದೇಶಿಕ ಕಚೇರಿಯ ಪರಿಸರ ಅಧಿಕಾರಿಯವರಿಗೆ ಕೂಡಲೇ ದೂರು ನೀಡಬಹುದು. ನೀರು ಹರಿದು ಹೋದ ನಂತರ ಕಾರಣ ಪತ್ತೆ ಮಾಡುವುದು ಕಷ್ಟವಾದ್ದರಿಂದ ವಿಳಂಬ ಮಾಡಬಾರದು. ಕಾನೂನು ಕ್ರಮಕ್ಕೆ ಬಳಸುವ ಮಾದರಿಯನ್ನು ಪ್ರಕರಣ 21ರ ವಿಧಾನದಂತೆ ಮಂಡಳಿಯ ಅಧಿಕಾರಿಗಳೇ ಸಂಗ್ರಹಿಸತಕ್ಕದ್ದು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರ: ನಮ್ಮಲ್ಲಿ ಜೈವಿಕ ಸಂಸ್ಕರಣಾ ಘಟಕವಿದೆ. ಉತ್ಕರ್ಷಣವನ್ನೂ ಸೇರಿಸಲೇಬೇಕೇ?
ಉ: ಸಮ್ಮತಿಯ ಷರತ್ತುಗಳು ವರ್ಷವಿಡೀ ಪಾಲನೆಯಾಗುತ್ತಿದ್ದಲ್ಲಿ ಅಗತ್ಯವಿಲ್ಲ. ಬಿ.ಓ.ಡಿ. ಇಳಿದರೂ ಸಿ.ಓ.ಡಿ. ಅಥವಾ ಬಣ್ಣ ಇಳಿಯದಿದ್ದಲ್ಲಿ ಪರಿಶೀಲಿಸಬಹುದು.

ಪ್ರ: ಬ್ಲೀಚಿಂಗ್ ಪುಡಿ ಅಗ್ಗವಾಗಿದೆ. ಅದನ್ನೇ ಬಳಸಬಹುದೇ?
ಉ: ಸಾವಯವ ವಸ್ತು ಅಧಿಕವಿರುವ ನೀರಿಗೆ ಕ್ಲೋರಿನ್ ಸೇರಿಸಿದಲ್ಲಿ ಹಾನಿಕಾರಕ ಕ್ಲೋರಿನ್ ಸಂಯುಕ್ತಗಳು ಉಂಟಾಗುತ್ತವೆ. ಕೆಳಭಾಗದಲ್ಲಿ ಕುಡಿಯುವ ನೀರಿನ ಮೂಲವಿರುವುದರಿಂದ ಇದನ್ನು ಸಂಸ್ಕರಣೆಯ ಮುಖ್ಯ ವಿಧಾನವಾಗಿ ಬಳಸುವುದು ಸೂಕ್ತವಲ್ಲ.

ಪ್ರ: ಸಂಸ್ಕರಣಾ ವಿಧಾನವನ್ನು ಬದಲಿಸಲು ಅನುಮತಿ ಬೇಕೇ?
ಉ: ಹೌದು. ಸಮ್ಮತಿ ಪತ್ರದಲ್ಲಿ ನಮೂದಿಸಿರುವ ವ್ಯವಸ್ಥೆಯನ್ನು ಬದಲಿಸುವ ಮುನ್ನ ಮಂಡಳಿಗೆ ಪ್ರಸ್ತಾವನೆ ಸಲ್ಲಿಸತಕ್ಕದ್ದು.

ಪ್ರ: ಸಂಸ್ಕರಿಸಿದ ನೀರನ್ನು ಗದ್ದೆಗೆ ಬಿಡಬಹುದೇ?
ಉ: ಸಮ್ಮತಿ ಪತ್ರದಲ್ಲಿ ಅವಕಾಶವಿದ್ದಲ್ಲಿ ಮಾತ್ರ. ಲವಣಾಂಶ ಹೆಚ್ಚಿರುವ ನೀರು ಸಿ.ಓ.ಡಿ. ಕಡಿಮೆ ಇದ್ದರೂ ಮಣ್ಣನ್ನು ಕೆಡಿಸುತ್ತದೆ.

ಪ್ರ: ಸಣ್ಣ ಉದ್ದಿಮೆಯವರು ಮೊದಲು ಏನು ಮಾಡಬೇಕು?
ಉ: ನೀರಿನ ಧಾರೆಗಳನ್ನು ಪ್ರತ್ಯೇಕಿಸಿ, ಪ್ರತಿಯೊಂದರ ಬಿ.ಓ.ಡಿ. ಮತ್ತು ಸಿ.ಓ.ಡಿ. ಪರೀಕ್ಷೆಯನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮಾಡಿಸಬೇಕು. ಯಂತ್ರದ ದರಪಟ್ಟಿಯನ್ನು ಆನಂತರವೇ ಪಡೆಯುವುದು ಒಳಿತು.

ಹೆಚ್ಚಿನ ಮಾಹಿತಿಗಾಗಿ ಉದ್ದಿಮೆದಾರರು ಹಾಗೂ ಸಾರ್ವಜನಿಕರು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮೈಸೂರಿನ ಪ್ರಾದೇಶಿಕ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.